ಗಡಗಡಣ್ಣ ಒರೆಸಿಟ್ಟ ಮ್ಯಾಗಜಿನ್‌ಗಳು

ಹೆದರುವವರಲ್ಲಿ ನಾನಾ ಬಗೆ. ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಕತ್ತಲಿಗೆ, ಕೆಲವರು ಹೆಂಡತಿಗೆ. ಇವನು ಯಾವುದನ್ನೂ ಬಿಟ್ಟವನಲ್ಲ. ಲಿಫ್ಟ್ ನಡುವೆ ನಿಂತುಬಿಟ್ಟರೆ ಎಂದು ಮೆಟ್ಟಿಲು ಹತ್ತುವನು, ಮೆಟ್ಟಿಲಲ್ಲಿ ಕಾಲು ಜಾರಿದರೆ ಎಂದು ಗೋಡೆ ಹಿಡಿಯುವನು, ಗೋಡೆಯೊಳಗೆ ಕರೆಂಟಿನ ವೈರು ಹೋಗಿದ್ದರೆ ಎಂದು ಬೆರಳ ತುದಿಯನ್ನಷ್ಟೇ ತಾಗಿಸುವನು. ಒಲೆ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸು ಬಂದು ನೋಡಿ, ಮತ್ತೆ ತಿರುವಿನವರೆಗೆ ಹೋಗಿ, ಈಗ ಬೀಗ ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ವಾಪಸು ಬರುವನು. ಇಂಥ ಮಹಾನುಭಾವನ ಹಣೆಯಲ್ಲಿ ಬರೆದಿದ್ದ ಕೆಲಸ ಯಾವುದು ಗೊತ್ತೇ? ಬಂದೂಕು ಕಾಯುವುದು. ನಗಬೇಡಿ, ನಿಜವಾಗಿಯೂ ಅದೇ.

ಬ್ಯಾಂಕುಗಳ ಹಣವನ್ನು ವ್ಯಾನಿನಲ್ಲಿ ಸಾಗಿಸುವ ಏಜೆನ್ಸಿ ಅದು. ಕಟ್ಟಡದ ನೆಲಮಾಳಿಗೆಯಲ್ಲಿ, ವ್ಯಾನುಗಳು ನಿಲ್ಲುವ ಜಾಗದ ಪಕ್ಕಕ್ಕೆ ಇವನ ಕೋಣೆ. ಕಬ್ಬಿಣದ ಬಾಗಿಲು, ಹಗಲೂ ಉರಿಯುವ ಟ್ಯೂಬ್‌ಲೈಟು, ರಬ್ಬರ್ ಹಾಸಿದ ಮೇಜು, ಗೋಡೆಗೆ ಸಾಲಾಗಿ ನಿಲ್ಲಿಸಿದ ಬಂದೂಕುಗಳು. ಮುಂದುಗಡೆ ಕಂಬಿ ಹಾಕಿದ ಗೂಡು. ಬೆಳಿಗ್ಗೆ ಅದರ ಮೂಲಕ ಕಾವಲಿನವರಿಗೆ ಬಂದೂಕು ಕೊಡುವುದು, ಸಂಜೆ ಅದರ ಮೂಲಕವೇ ವಾಪಸು ಪಡೆಯುವುದು. ಗೂಡಿನ ಹೊರಗೆ ಮರಳು ತುಂಬಿದ ಡ್ರಮ್ಮು. ವಾಪಸು ಬಂದವರು ಅದರೊಳಕ್ಕೆ ನಳಿಗೆ ಇಟ್ಟು, ಒಳಗೆ ಗುಂಡಿಲ್ಲ ಎಂದು ತೋರಿಸಲು ಒಮ್ಮೆ ಟ್ರಿಗರ್ ಒತ್ತಬೇಕು. ಟಕ್ ಎಂದು ಒಣ ಸದ್ದು ಬಂದಮೇಲಷ್ಟೇ ಇವನು ಕಂಬಿಯ ಆಚೆಯಿಂದ ಕೈ ಚಾಚುತ್ತಿದ್ದ. ಒಬ್ಬೊಬ್ಬರು ಒತ್ತುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅದು ಬೇರೆ ಮಾತು.

ಮೊದಲು ಅವನು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವನು. ಅಂಗಡಿ ಮುಚ್ಚಿದಾಗ ಏಜೆನ್ಸಿಯವರಿಗೆ ಸ್ಪ್ರಿಂಗು, ಸ್ಕ್ರೂ ಬಲ್ಲ ಕೈ ಬೇಕಾಗಿತ್ತು. ಇವನೋ ಸಂದರ್ಶನದ ದಿನವೇ, "ಸಾರ್, ನನಗೆ ಬಂದೂಕು ಕಂಡ್ರೆ ಕೈಕಾಲು ನಡುಗತ್ತೆ" ಎಂದು ಹೇಳಿಬಿಟ್ಟ. ಮ್ಯಾನೇಜರ್ ಕುರ್ಚಿಯಿಂದ ಎದ್ದು ಬಂದು ಕೈ ಕುಲುಕಿದರು. "ನಡುಗೋನೇ ಬೇಕಪ್ಪ ನನಗೆ. ಧೈರ್ಯವಂತರ ಕೈಗೆ ಇದನ್ನೆಲ್ಲ ಕೊಟ್ಟು ನೋಡಿ ನೋಡಿ ಸಾಕಾಗಿದೆ." ಹಾಗೆ ಕೆಲಸ ಸಿಕ್ಕಿತು. ಹೆಸರೂ ಸಿಕ್ಕಿತು. ಒಂದೇ ವಾರದಲ್ಲಿ ಕಾವಲಿನವರೆಲ್ಲ ಅವನನ್ನು ಗಡಗಡಣ್ಣ ಎಂದು ಕರೆಯತೊಡಗಿದರು. ಅವನಿಗೇನೂ ಬೇಸರವಾಗಲಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದ್ದಾರೆ ಅಷ್ಟೆ ಎಂದುಕೊಂಡ.

ಹೆಂಡತಿ ಸಿಕ್ಕಿದ್ದೂ ಆ ಗೂಡಿನ ಮುಂದೆಯೇ. ಅವಳು ವ್ಯಾನಿನ ಕಾವಲಿಗೆ ಸೇರಿದ ಒಬ್ಬಳೇ ಹೆಂಗಸು. ಎತ್ತರದ ಆಳು, ಎದುರಿನವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವಳು, ಹೆದರಿಕೆ ಎಂದರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳುವಂಥವಳು. ಬಂದೂಕು ಕೊಡುವಾಗ ಇವನು ದಿನಾ "ಹುಷಾರು" ಎನ್ನುತ್ತಿದ್ದ. ಒಂದು ಬೆಳಿಗ್ಗೆ ಅವಳು ಕಂಬಿಗೆ ಮೊಣಕೈ ಊರಿ ನಿಂತಳು.

"ಈ ಹುಷಾರು ಅನ್ನೋದು ಎಲ್ಲರಿಗೂ ಹೇಳ್ತೀರೋ, ನನಗೊಬ್ಬಳಿಗೇನೋ?"

"ಎಲ್ಲರಿಗೂ ಹೇಳ್ತೀನಿ ಮೇಡಂ."

"ಹಾಗಾದ್ರೆ ನನಗೆ ಬೇರೆ ಏನಾದ್ರೂ ಹೇಳಿ."

ಇವನು ಬೇರೆ ಏನೂ ತೋಚದೆ "ತುಂಬಾ ಹುಷಾರು" ಎಂದ. ಅವಳು ವ್ಯಾನು ಹತ್ತಿ ಕೂತಮೇಲೂ ನಗುತ್ತಿದ್ದಳಂತೆ. ವರ್ಷ ತುಂಬುವುದರೊಳಗೆ ಮದುವೆ ಆಯಿತು. ಅಂದಿನಿಂದ ಅವನ ಹೆದರಿಕೆಗಳೆಲ್ಲ ಒಂದು ಕಡೆ, ಬೆಳಿಗ್ಗೆ ಆ ವ್ಯಾನು ನೆಲಮಾಳಿಗೆಯ ಇಳಿಜಾರು ಹತ್ತಿ ಬಿಸಿಲಿಗೆ ಹೋಗುವಾಗ ಆಗುವ ಹೆದರಿಕೆ ಒಂದು ಕಡೆ. ಸಂಜೆ ಅದೇ ವ್ಯಾನಿನ ದೀಪ ಇಳಿಜಾರಿನಲ್ಲಿ ಕಾಣುವ ತನಕ ಅವನ ಜೀವ ಜೀವದಲ್ಲಿ ಇರುತ್ತಿರಲಿಲ್ಲ.

ಈಗ ಮ್ಯಾಗಜಿನ್ ಸಂಗತಿಗೆ ಬರೋಣ. ಗುಂಡುಗಳನ್ನು ಒಂದರ ಮೇಲೊಂದು ತುಂಬಿ ಬಂದೂಕಿನ ಕೆಳಗೆ ಸಿಕ್ಕಿಸುವ ಉದ್ದನೆಯ ಪೆಟ್ಟಿಗೆಯೇ ಮ್ಯಾಗಜಿನ್. ಏಜೆನ್ಸಿಯ ನಿಯಮದ ಪ್ರಕಾರ ನಳಿಗೆಯೊಳಗೆ ಗುಂಡು ಇರಕೂಡದು. ಅಪಾಯ ಕಂಡರೆ ಮಾತ್ರ ಬೋಲ್ಟ್ ಎಂಬ ಕಬ್ಬಿಣದ ಹಿಡಿಯನ್ನು ಹಿಂದಕ್ಕೆಳೆದು ಬಿಡಬೇಕು, ಆಗ ಮ್ಯಾಗಜಿನ್ನಿನ ಮೇಲ್ತುದಿಯ ಗುಂಡು ನಳಿಗೆಗೆ ನುಗ್ಗುತ್ತದೆ. ಅಂದಮೇಲೆ ಕಾವಲಿನವರ ಪ್ರಾಣವೆಲ್ಲ ಆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ. ಮೊದಲು ಅವು ಕರಿ ಪ್ಲಾಸ್ಟಿಕ್ಕಿನವಾಗಿದ್ದವು. ಒಳಗೆ ಏನಿದೆ, ಏನಿಲ್ಲ, ಹೊರಗಿನಿಂದ ಕಾಣುತ್ತಿರಲಿಲ್ಲ. ಒಮ್ಮೆ ಒಬ್ಬ ಕಾವಲಿನವನು ಖಾಲಿ ಮ್ಯಾಗಜಿನ್ ಹಾಕಿಕೊಂಡು ಇಡೀ ದಿನ ಊರು ಸುತ್ತಿ ಬಂದ. ತುಂಬಿಸಿಕೊಟ್ಟಿದ್ದೇನೆ ಎಂದು ಇವನು, ತುಂಬಿದೆ ಎಂದು ಅವನು. ಸಂಜೆ ವಿಷಯ ಗೊತ್ತಾದಾಗ ಗಡಗಡಣ್ಣ ತಲೆ ತಿರುಗಿ, ಮರಳಿನ ಡ್ರಮ್ಮನ್ನೇ ತಬ್ಬಿಕೊಂಡು ಕೂತುಬಿಟ್ಟ.

ಆದ್ದರಿಂದ ಸರಬರಾಜಿನವನು ಗಾಜಿನಂತೆ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಮ್ಯಾಗಜಿನ್ ತಂದು ತೋರಿಸಿದಾಗ ಇವನ ಕಣ್ಣು ಒದ್ದೆಯಾಯಿತು. ಒಂದೊಂದು ಗುಂಡೂ ಎಣಿಸಬಹುದು! ಮ್ಯಾನೇಜರ್ ಹಿಂದೆ ಬಿದ್ದು, ಕಾಡಿ ಬೇಡಿ, ಎಲ್ಲ ಬಂದೂಕುಗಳಿಗೂ ಅವನ್ನೇ ತರಿಸಿದ. ಕರಿಯವು ಟ್ರಂಕಿನ ತಳ ಸೇರಿದವು.

ಆದರೆ ಗಾಜಿನಂಥದ್ದು ಗಾಜಿನಂತೆ ಇದ್ದರೆ ತಾನೇ ಚೆಂದ? ಕಾವಲಿನವರ ಬೆವರು, ಬೆರಳಿನ ಜಿಡ್ಡು, ರಸ್ತೆಯ ಧೂಳು ಎಲ್ಲ ಸೇರಿ ಅವು ಮಂಕಾಗತೊಡಗಿದವು. ಮಂಕಾದರೆ ಗುಂಡು ಕಾಣದು, ಕಾಣದಿದ್ದರೆ ಮತ್ತೆ ಅದೇ ಹೆದರಿಕೆ. ಕಸ ಗುಡಿಸುವ ಅಕ್ಕ ಆಫೀಸಿನ ಕಿಟಕಿ ಗಾಜುಗಳಿಗೆ ಹಾಕುವ ನೀಲಿ ದ್ರಾವಣವನ್ನು ಒಂದು ಬಾಟಲಿಗೆ ಬಗ್ಗಿಸಿಕೊಟ್ಟಳು. ಅದು ಸಾಲದು ಎನ್ನಿಸಿದಾಗ ಇವನೇ ಬಣ್ಣದಂಗಡಿಯಿಂದ ಥಿನ್ನರ್ ತಂದ. ಸಂಜೆ ಎಲ್ಲರೂ ಹೋದಮೇಲೆ ಹತ್ತಿಬಟ್ಟೆಗೆ ಒಂದಿಷ್ಟು ಹಾಕಿಕೊಂಡು ಒರೆಸುತ್ತ ಕೂರುವನು. ಉಳಿದವನ್ನು ಒಂದು ಸಲ ಒರೆಸಿದರೆ ಹೆಂಡತಿಯದನ್ನು ಮೂರು ಸಲ. ಮೂಲೆಮೂಲೆಗೆ ಬಟ್ಟೆಯ ತುದಿ ತೂರಿಸಿ, ಗುಂಡುಗಳನ್ನು ಹಿಡಿದಿಡುವ ಮೇಲಿನ ಬಾಯಂಚನ್ನು ಬೆರಳಲ್ಲಿ ನಯವಾಗಿ ತಿಕ್ಕಿ, ದೀಪಕ್ಕೆ ಹಿಡಿದು ನೋಡಿ, ಮತ್ತೆ ತಿಕ್ಕಿ.

"ನನ್ನ ಮುಖನೂ ಇಷ್ಟು ಪ್ರೀತಿಯಿಂದ ನೋಡಿಲ್ಲ ಬಿಡಿ ನೀವು" ಎಂದು ಅವಳು ರೇಗಿಸುತ್ತಿದ್ದಳು.

"ನಿನ್ನ ಮುಖ ಮಂಕಾದ್ರೆ ಏನೂ ತೊಂದರೆಯಿಲ್ಲ, ಇದು ಮಂಕಾಗ್ಬಾರ್ದು" ಎಂದು ಇವನು ಗಂಭೀರವಾಗಿ ಹೇಳಿ ಬೆನ್ನಿಗೆ ಗುದ್ದು ತಿಂದಿದ್ದ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ಮನುಷ್ಯ ಹಿಂದೆ ಎರಡು ಸಲ ಹೆಂಡತಿಯ ವ್ಯಾನನ್ನು ಅರ್ಧದಾರಿಯಿಂದ ವಾಪಸು ಕರೆಸಿದ್ದ. ಮೊದಲ ಸಲ ಬಂದೂಕು ಕೊಡುವಾಗ ಒಳಗೇನೋ ಕಟಕಟ ಎಂದಿತು ಎಂದು. ಬಿಚ್ಚಿ ನೋಡಿದರೆ ಸದ್ದು ಬಂದದ್ದು ಅವಳ ಜೇಬಿನ ಬೀಗದ ಕೈಗೊಂಚಲಿನಿಂದ. ಎರಡನೆಯ ಸಲ, ಬೇರೆ ಅಳತೆಯ ಗುಂಡು ಕೊಟ್ಟುಬಿಟ್ಟೆ ಎಂದು ವೈರ್‌ಲೆಸ್ಸಿನಲ್ಲಿ ಬೊಬ್ಬೆ ಹೊಡೆದ. ಆ ಅಳತೆಯ ಗುಂಡು ಏಜೆನ್ಸಿಯಲ್ಲಿ ಇರಲೇ ಇಲ್ಲ. ಬ್ಯಾಂಕಿನವರು ಹಣ ತಡವಾಯಿತೆಂದು ಕೂಗಾಡಿದರು, ಕಾವಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದು ಮನೆಯಲ್ಲಿ ಅವಳು ನಗಲಿಲ್ಲ.

"ನೋಡಿ, ಇನ್ನೊಂದ್ಸಲ ನನ್ನ ವ್ಯಾನ್ ತಡೆದ್ರೆ ನಾನು ಬೇರೆ ಏಜೆನ್ಸಿ ನೋಡ್ಕೋತೀನಿ. ಅಲ್ಲಿ ನನ್ನ ಬಂದೂಕು ಯಾರಾದ್ರೂ ನೋಡ್ಕೊಳ್ಲಿ, ನಿಮ್ಮ ಕೈಗಂತೂ ಸಿಗಲ್ಲ."

ಯಾರೋ ಗೊತ್ತಿಲ್ಲದವನು, ಧೈರ್ಯವಂತನೇ ಇರಬೇಕು, ಅವಳ ಬಂದೂಕನ್ನು ಅಸಡ್ಡೆಯಿಂದ ಮೂಲೆಗೆ ಒರಗಿಸಿಡುವ ಚಿತ್ರ ಇವನ ಕಣ್ಣ ಮುಂದೆ ಬಂತು. ಇನ್ನು ಸತ್ತರೂ ವ್ಯಾನು ತಡೆಯುವುದಿಲ್ಲ ಎಂದು ಮಾತು ಕೊಟ್ಟ.

ಆ ದಿನ ವ್ಯಾನುಗಳೆಲ್ಲ ಹೋಗಿ ಒಂದು ಗಂಟೆಯಾಗಿರಬೇಕು. ಗಡಗಡಣ್ಣ ಹೆಚ್ಚುವರಿಯಾಗಿ ತುಂಬಿಸಿಟ್ಟಿದ್ದ ಮ್ಯಾಗಜಿನ್ನೊಂದನ್ನು ಒರೆಸಲು ತೆಗೆದ. ಅದು ಕೈಜಾರಿ ಮೇಜಿನ ಅಂಚಿಗೆ ತಾಗಿ ನೆಲಕ್ಕೆ ಬಿತ್ತು. ಬಿದ್ದ ಎತ್ತರ ಸೊಂಟದಷ್ಟೂ ಇಲ್ಲ. ಚಟ್ ಎಂದಿತು. ಮೇಲಿನ ಬಾಯಂಚು ಮುರಿದು ಹಾರಿತು, ಒಳಗಿನ ಸ್ಪ್ರಿಂಗು ಗುಂಡುಗಳನ್ನೆಲ್ಲ ಹೊರಗೆ ಉಗುಳಿತು. ಅವು ಕೋಣೆಯ ತುಂಬ ಉರುಳಾಡಿದವು. ಇವನು ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು ಕೂತ.

ಗುಂಡುಗಳ ಉರುಳಾಟ ನಿಂತಮೇಲೆ ಕೆಳಗಿಳಿದು ಒಡೆದ ಚೂರನ್ನು ದೀಪಕ್ಕೆ ಹಿಡಿದ. ಪ್ಲಾಸ್ಟಿಕ್ಕಿನ ಒಳಗೆ ಕೂದಲೆಳೆಯಂಥ ಬಿರುಕುಗಳು. ಒಂದಲ್ಲ ಎರಡಲ್ಲ, ಬಾಯಂಚಿನ ಸುತ್ತ, ಬೆನ್ನಿನ ಉದ್ದಕ್ಕೂ, ಒಣಗಿದ ಕೆರೆಯಂಗಳದ ಹಾಗೆ. ಇನ್ನೊಂದನ್ನು ಹಿಡಿದು ನೋಡಿದ, ಅದರಲ್ಲೂ ಇದ್ದವು. ಕಪಾಟಿನಲ್ಲಿ ಇನ್ನೂ ಕವರು ಬಿಚ್ಚದ ಹೊಸದೊಂದಿತ್ತು. ಅದನ್ನು ಬಿಚ್ಚಿ ನೋಡಿದರೆ ಕನ್ನಡಿಯ ಹಾಗೆ ನಿರ್ಮಲ. ಗುಂಡು ತುಂಬಿ, ಹಲ್ಲು ಕಚ್ಚಿಕೊಂಡು ನೆಲಕ್ಕೆ ಹಾಕಿದ, ಏನೂ ಆಗಲಿಲ್ಲ. ಟ್ರಂಕಿನಿಂದ ಹಳೆಯ ಕರಿಯದೊಂದನ್ನು ತೆಗೆದು ಅದನ್ನೂ ಹಾಕಿದ. ಅದು ಪುಟಿದು ಮೂಲೆಗೆ ಹೋಗಿ ಸುಮ್ಮನೆ ಮಲಗಿತು. ಸರಬರಾಜಿನವನಿಗೆ ಫೋನು ಮಾಡಿದ.

"ಏನ್ರೀ, ನಿಮ್ಮ ಮ್ಯಾಗಜಿನ್ ಬಿರುಕು ಬಿಟ್ಟಿದೆ!"

"ಇರ್ಲಿಕ್ಕಿಲ್ಲ. ಸುತ್ತಿಗೇಲಿ ಹೊಡೆದ್ರೂ ಒಡೆಯಲ್ಲ ಅದು. ಯಾವುದರಲ್ಲಿ ಒರೆಸ್ತೀರಿ?"

"ಗಾಜು ಒರೆಸೋ ನೀಲಿ ದ್ರಾವಣ… ಆಮೇಲೆ ಥಿನ್ನರ್."

ಆ ಕಡೆಯವನು ಹಣೆ ಚಚ್ಚಿಕೊಂಡ ಸದ್ದು ಬಂತು.

"ಅಯ್ಯೋ ಪುಣ್ಯಾತ್ಮ! ಕಾಣೋ ಪ್ಲಾಸ್ಟಿಕ್ಕಿಗೆ ಸೋಪಿನ ನೀರು ಬಿಟ್ಟು ಬೇರೇನೂ ಸೋಕಿಸ್ಬಾರ್ದು. ಪೆಟ್ಟು ತಡೆಯತ್ತೆ, ಥಿನ್ನರ್ ತಡೆಯಲ್ಲ. ಅದರಲ್ಲೂ ಗುಂಡು ತುಂಬಿಟ್ರೆ ಸ್ಪ್ರಿಂಗು ಒಳಗಿಂದ ಒತ್ತುತ್ತಾ ಇರತ್ತೆ, ಸೀಳ್ಕೊಂಡು ಹೋಗತ್ತೆ. ಆ ಕರೀದಕ್ಕಾದ್ರೆ ಗಾಜಿನ ಎಳೆ ಬೆರೆಸಿರ್ತಾರೆ, ಪ್ಲಾಸ್ಟಿಕ್ಕೇ ಬೇರೆ ಜಾತೀದು. ಎಣ್ಣೆ, ಬಿಸಿಲು, ಥಿನ್ನರ್, ಯಾವುದಕ್ಕೂ ಜಗ್ಗಲ್ಲ. ಜಾಸ್ತಿ ಒರೆಸಿದೀರಾ?"

ಇವನು ಫೋನು ಇಟ್ಟುಬಿಟ್ಟ. ಅತಿ ಹೆಚ್ಚು ಒರೆಸಿದ್ದು ಯಾವುದನ್ನು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಈ ಹೊತ್ತಿನಲ್ಲಿ ಊರಿನ ಯಾವುದೋ ಬೀದಿಯಲ್ಲಿ, ಹಣದ ಪೆಟ್ಟಿಗೆಗಳ ಪಕ್ಕ, ಅವಳ ಬಂದೂಕಿನಲ್ಲಿದೆ. ಯಾವನಾದರೂ ಕಳ್ಳ ನುಗ್ಗಿದರೆ ಅವಳು ಹೆದರಿ ಹಿಂದೆ ಸರಿಯುವವಳಲ್ಲ, ಎದೆಕೊಟ್ಟು ನಿಲ್ಲುವವಳು. ನಿಂತು ಬೋಲ್ಟ್ ಎಳೆಯುತ್ತಾಳೆ. ಎಳೆದ ಏಟಿಗೆ ಬಾಯಂಚು ಮುರಿಯುತ್ತದೆ. ಆಮೇಲೆ ಅವಳ ಕೈಯಲ್ಲಿರುವುದು ಬಂದೂಕಲ್ಲ, ಒಂದು ದೊಣ್ಣೆ. ಹಿಡಿದುಕೊಂಡಿದ್ದ ಚೂರು ಅಂಗೈಗೆ ಚುಚ್ಚಿ ರಕ್ತ ಬಂದದ್ದೂ ಅವನಿಗೆ ಗೊತ್ತಾಗಲಿಲ್ಲ.

ಕೊಟ್ಟ ಮಾತು ನೆನಪಾಗಿ ಒಂದು ಕ್ಷಣ ಕಾಲು ಹಿಂದೇಟು ಹೊಡೆಯಿತು. ಹೋಗಲಿ ಬಿಡು, ಸಂಜೆಯವರೆಗೆ ಏನೂ ಆಗಲಿಕ್ಕಿಲ್ಲ, ಇಷ್ಟು ವರ್ಷ ಆಗಿಲ್ಲ, ಇವತ್ತೇ ಆಗುತ್ತದೆಯೇ? ಹೀಗೆ ಯೋಚಿಸಬಲ್ಲವನಾಗಿದ್ದರೆ ಅವನು ಗಡಗಡಣ್ಣ ಯಾಕೆ ಆಗುತ್ತಿದ್ದ! ಬೇರೆ ಏಜೆನ್ಸಿಗೆ ಹೋಗಲಿ, ಬೇರೆ ಊರಿಗೇ ಹೋಗಲಿ, ಜೀವಂತ ಇರಲಿ ಎಂದುಕೊಂಡು ಮೆಟ್ಟಿಲು ಹತ್ತಿದ. ಗೋಡೆ ಹಿಡಿಯುವುದನ್ನು ಆವತ್ತು ಮರೆತಿದ್ದ.

ಮ್ಯಾನೇಜರ್ ಅವನ ಮುಖ ನೋಡುತ್ತಲೇ ತಲೆಯ ಮೇಲೆ ಕೈಹೊತ್ತರು. "ಮತ್ತೆ ಶುರುವಾಯ್ತಾ?"

"ಸಾರ್, ಇದನ್ನ ನೋಡಿ" ಎಂದು ಅವನು ಬಿರುಕಿನ ಮ್ಯಾಗಜಿನ್ನನ್ನು ಅವರ ಮುಂದೆ ಹಿಡಿದು ಎರಡೂ ಹೆಬ್ಬೆರಳಲ್ಲಿ ಒತ್ತಿದ. ಅದು ಹಪ್ಪಳದಂತೆ ಮುರಿಯಿತು. ಮ್ಯಾನೇಜರರ ಮುಖ ಬಿಳಚಿಕೊಂಡಿತು.

"ವೈರ್‌ಲೆಸ್ಸಲ್ಲಿ ಹೇಳಿಬಿಡಲಾ ಸಾರ್?"

"ಹುಚ್ಚಾ ನಿನಗೆ? ಅದನ್ನ ಯಾರ್ ಯಾರು ಕೇಳಿಸ್ಕೋತಾ ಕೂತಿರ್ತಾರೋ. ನಮ್ಮ ಬಂದೂಕು ಕೆಟ್ಟಿದೆ ಬನ್ನಿ ದೋಚ್ಕೊಂಡು ಹೋಗಿ ಅಂತ ನಾವೇ ಡಂಗುರ ಹೊಡೆದ ಹಾಗಾಗತ್ತೆ." ಮ್ಯಾನೇಜರ್ ಮೇಜಿನ ಮೇಲಿದ್ದ ಬೀಗದ ಕೈ ಎಸೆದರು. "ನನ್ನ ಸ್ಕೂಟರ್ ತಗೋ. ಕರೀ ಮ್ಯಾಗಜಿನ್ ತುಂಬ್ಕೊಂಡು ಒಂದೊಂದು ವ್ಯಾನಿಗೂ ನೀನೇ ಹೋಗಿ ಬದಲಾಯಿಸು. ನಾನು ಡ್ರೈವರ್‌ಗಳಿಗೆ ಫೋನಲ್ಲಿ ನೀನು ಬರ್ತಿದೀಯ ಅಂತ ಮಾತ್ರ ಹೇಳಿರ್ತೀನಿ."

ನ್ಯಾಯವಾಗಿ ಹತ್ತಿರದ ವ್ಯಾನಿಗೆ ಮೊದಲು ಹೋಗಬೇಕಿತ್ತು. ಇವನು ಹೋದದ್ದು ಹೆಂಡತಿಯ ವ್ಯಾನಿಗೆ. ಯಾರಿದ್ದರೂ ಹಾಗೇ ಮಾಡುತ್ತಿದ್ದರು ಬಿಡಿ. ಮ್ಯಾನೇಜರರ ಹೊಸ ಸ್ಕೂಟರು, ತಲೆಗೆ ಅವರದೇ ದೊಡ್ಡ ಹೆಲ್ಮೆಟ್ಟು, ಎದೆಗೆ ಅಡ್ಡವಾಗಿ ಹಾಕಿಕೊಂಡ ಚೀಲದ ತುಂಬ ಗುಂಡು ತುಂಬಿದ ಕರಿ ಮ್ಯಾಗಜಿನ್ನುಗಳು. ಸ್ಕೂಟರು ಓಡಿಸಿ ವರ್ಷಗಳಾಗಿದ್ದವು. ಲಾರಿಯೊಂದು ಪಕ್ಕದಲ್ಲೇ ಹಾರ್ನ್ ಹೊಡೆದಾಗ ಜೀವ ಬಾಯಿಗೆ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ದೂರದಲ್ಲೆಲ್ಲೋ ಪಟ್ ಎಂದರೆ ಅವಳ ಕಡೆಯದೇ ಎಂದುಕೊಂಡ. ಆಂಬುಲೆನ್ಸೊಂದು ಹಾದುಹೋದಾಗ ಅದು ಯಾವ ಕಡೆಗೆ ತಿರುಗುತ್ತದೆ ಎಂದು ಕತ್ತು ನಿಗುರಿಸಿ ನೋಡಿದ. ಬಲಕ್ಕೆ ತಿರುಗಿತು. ಅವಳ ವ್ಯಾನು ಆ ಹೊತ್ತಿಗೆ ಇರಬೇಕಾದ ಬ್ಯಾಂಕು ಇದ್ದದ್ದು ಎಡಕ್ಕೆ. "ಸದ್ಯ" ಎಂದುಕೊಂಡ. ಯಾರ ಮನೆಯ ಗೋಳೋ, ತಾನು ಸದ್ಯ ಎನ್ನುತ್ತಿದ್ದೇನಲ್ಲ ಎಂದು ಅದಕ್ಕೂ ಹೆದರಿದ.

ಬ್ಯಾಂಕಿನ ಪಕ್ಕದ ಓಣಿಯಲ್ಲಿ ವ್ಯಾನು ನಿಂತಿತ್ತು. ಹಿಂಬಾಗಿಲು ತೆರೆದಿತ್ತು. ಅವಳ ಜೊತೆಯ ಕಾವಲಿನವನು, ಎಲ್ಲರೂ ಮೀಸೆ ಎಂದು ಕರೆಯುವ ಮಾಜಿ ಸೈನಿಕ, ವ್ಯಾನಿನೊಳಗೆ ಬಗ್ಗಿ ಪೆಟ್ಟಿಗೆ ಎಳೆಯುತ್ತಿದ್ದ. ಡ್ರೈವರು ಫೋನನ್ನು ಸೀಟಿನ ಮೇಲೆ ಬಿಟ್ಟು ಬ್ಯಾಂಕಿನೊಳಗೆ ಬಾತ್‌ರೂಮಿಗೆ ಹೋಗಿದ್ದ. ಮ್ಯಾನೇಜರ್ ಮಾಡಿದ ಕರೆ ಖಾಲಿ ಸೀಟಿನ ಮೇಲೆ ಹೊಡೆದುಕೊಂಡು ಸುಮ್ಮನಾಗಿತ್ತು. ಹೆಂಡತಿ ಬಾಗಿಲ ಹತ್ತಿರ ಬಂದೂಕು ಹಿಡಿದು ಬೀದಿಯ ಕಡೆ ಮುಖಮಾಡಿ ನಿಂತಿದ್ದಳು.

ಅವಳನ್ನು ಕಂಡದ್ದೇ ತಡ, ಇವನ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಇದ್ದಾಳೆ! ನಿಂತಿದ್ದಾಳೆ! ಏನೂ ಆಗಿಲ್ಲ! ಇಲ್ಲೇ ನೋಡಿ ಅವನು ತಪ್ಪಿದ್ದು. ಹೆದರಿಕೆಯಲ್ಲಿದ್ದಷ್ಟು ಹೊತ್ತು ಅವನು ಒಂದು ಹೆಜ್ಜೆಯನ್ನೂ ಯೋಚಿಸದೆ ಇಟ್ಟವನಲ್ಲ. ಆ ಗಳಿಗೆಯಲ್ಲಿ ಹೆದರಿಕೆ ಪೂರ್ತಿ ಬಿಟ್ಟುಹೋಗಿ, ಸಂತೋಷ ತಡೆಯಲಾರದೆ, ಸ್ಕೂಟರನ್ನು ರಸ್ತೆಯ ಆಚೆಗೇ ನಿಲ್ಲಿಸಿ ಓಡಿದ. ಹೆಲ್ಮೆಟ್ಟು ತೆಗೆಯಲಿಲ್ಲ. ಓಡುತ್ತಲೇ ಚೀಲಕ್ಕೆ ಕೈಹಾಕಿ, ಇಗೋ ತಂದಿದ್ದೇನೆ ಎಂದು ತೋರಿಸಲು ಕರಿ ಮ್ಯಾಗಜಿನ್ನೊಂದನ್ನು ಹೊರಗೆಳೆದ.

ಈಗ ಅವಳ ಕಡೆಯಿಂದ ನೋಡಿ. ಗುರುತಿಲ್ಲದ ಸ್ಕೂಟರು. ಮುಖ ಕಾಣದ ಹೆಲ್ಮೆಟ್ಟು. ಹಣದ ವ್ಯಾನಿನತ್ತ ಓಡಿಬರುತ್ತಿರುವ ಗಂಡಸು. ಚೀಲದಿಂದ ಹೊರಬರುತ್ತಿರುವ ಕರಿ ವಸ್ತು.

"ನಿಂತ್ಕೋ!" ಎಂದು ಕೂಗಿದಳು.

"ನಾನು ಕಣೇ!" ಎಂದು ಇವನೂ ಕೂಗಿದ. ಆ ದೊಡ್ಡ ಹೆಲ್ಮೆಟ್ಟಿನೊಳಗೆ ಅದು ಬರೀ ಗುಂಯ್ ಎಂದಿತು.

"ನಿಂತ್ಕೋ! ಕೈ ಮೇಲೆತ್ತು!"

ಕೈ ಎತ್ತಿದ. ಮ್ಯಾಗಜಿನ್ ಹಿಡಿದ ಕೈಯನ್ನೇ ಎತ್ತಿದ. ಬಂದೂಕಿನ ನಳಿಗೆ ತನ್ನತ್ತ ತಿರುಗಿದ್ದನ್ನು ಅವನು ಕಂಡ. ಅವಳು ಬೋಲ್ಟ್ ಎಳೆದು ಬಿಟ್ಟಳು. ಚಟ್ ಎಂದು ಪ್ಲಾಸ್ಟಿಕ್ ಮುರಿಯಿತು. ಬಾಯಂಚು ಹಾರಿ, ಬೆನ್ನು ಸೀಳಿ, ಗುಂಡುಗಳೆಲ್ಲ ಅವಳ ಬೂಟಿನ ಸುತ್ತ ಕಲ್ಲುಹಾಸಿನ ಮೇಲೆ ಠಣಠಣ ಎಂದು ಉದುರಿದವು. ಆ ಗದ್ದಲದ ನಡುವೆಯೇ, ಮೆಲ್ಲಗೆ, ಇನ್ನೊಂದು ಸದ್ದು ಬಂತು.

ಟಕ್.

ಓಣಿಯಲ್ಲಿದ್ದ ಬೇರೆ ಯಾರಿಗೂ ಅದು ಕೇಳಿಸಲಿಲ್ಲ, ಕೇಳಿಸಿದ್ದರೂ ತಿಳಿಯುತ್ತಿರಲಿಲ್ಲ. ಸಂಜೆ ಸಂಜೆ ಮರಳಿನ ಡ್ರಮ್ಮಿನ ಮುಂದೆ ಅದನ್ನೇ ಕೇಳುತ್ತ ಕೂತವನಿಗೆ ತಿಳಿಯದೆ ಇರುತ್ತದೆಯೇ? ಖಾಲಿ ನಳಿಗೆಯ ಮೇಲೆ ಟ್ರಿಗರ್ ಒತ್ತಿದ ಸದ್ದು ಅದು. ಅವನು ಅಲ್ಲೇ ಕುಸಿದು ಕೂತ. ಅಷ್ಟರಲ್ಲಿ ಮೀಸೆ ವ್ಯಾನಿನಿಂದ ಹಾರಿ ಬಂದು ಅವನನ್ನು ಕೆಡವಿ, ಬೆನ್ನ ಮೇಲೆ ಮೊಣಕಾಲೂರಿ, ಹೆಲ್ಮೆಟ್ಟನ್ನು ಕಿತ್ತ.

"ಅಯ್ಯಯ್ಯಪ್ಪಾ! ನಮ್ಮ ಗಡಗಡಣ್ಣ ಕಣ್ರಪ್ಪೋ!"

ಮೀಸೆ ನಕ್ಕ ನಗುವಿಗೆ ಬ್ಯಾಂಕಿನ ಜನ ಹೊರಗೆ ಬಂದರು. ಗಡಗಡಣ್ಣ ಎದ್ದು, ಚೀಲದಿಂದ ಒಂದೊಂದೇ ಕರಿ ಮ್ಯಾಗಜಿನ್ ತೆಗೆದು ಕೊಟ್ಟ. ಮೀಸೆಯದನ್ನು ಬದಲಾಯಿಸಿದ. ಹೆಂಡತಿಯ ಬಂದೂಕಿನಿಂದ ಒಡೆದದ್ದನ್ನು ಕಿತ್ತು ಹೊಸದನ್ನು ಸಿಕ್ಕಿಸುವಾಗ ಅವಳ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ತನ್ನ ಬಲಗೈಯ ತೋರುಬೆರಳನ್ನು ನೋಡುತ್ತಿದ್ದಳು. ಅವನಿಗೆ ಇನ್ನೂ ಉಳಿದ ವ್ಯಾನುಗಳಿಗೆ ಹೋಗಬೇಕಿತ್ತು. ಆಮೇಲಿನ ಪ್ರತಿ ವ್ಯಾನಿಗೂ ಹೆಲ್ಮೆಟ್ಟು ತೆಗೆದು, ಎರಡೂ ಕೈ ಬರಿದಾಗಿ ಮೇಲೆತ್ತಿಕೊಂಡು, ಬೀದಿಯ ಆ ತುದಿಯಿಂದಲೇ "ನಾನು, ನಾನು" ಎಂದು ಕೂಗುತ್ತ ನಡೆದುಹೋದ.

ಸಂಜೆಯ ಹೊತ್ತಿಗೆ ನೆಲಮಾಳಿಗೆಯಲ್ಲಿ ಅದೇ ಕತೆ. ಗಂಡ ಬಂದ ವೇಗಕ್ಕೆ ಹೆಂಡತಿ ಬಂದೂಕೇ ಒಡೆದುಹೋಯಿತು ಎಂದು ಒಬ್ಬ, ಪ್ಯಾಂಟು ಒದ್ದೆಯಾಗಿತ್ತೋ ಇಲ್ಲವೋ ಎಂದು ಇನ್ನೊಬ್ಬ. ಮ್ಯಾನೇಜರ್ ಗಾಜಿನಂಥ ಮ್ಯಾಗಜಿನ್ನುಗಳನ್ನೆಲ್ಲ ಒಂದು ಗೋಣಿಗೆ ತುಂಬಿಸಿ, "ನಿನ್ನ ಕೈಗೆ ಬಟ್ಟೆ ಕೊಟ್ಟೋರಿಗೆ ಹೇಳ್ಬೇಕು" ಎಂದು ಬೈದರು. ಬೈದು, ಅವನ ಭುಜ ತಟ್ಟಿದರು. ಬೋಲ್ಟ್ ಎಳೆದಾಗ ಮ್ಯಾಗಜಿನ್ ಮುರಿಯಿತು ಎನ್ನುವಲ್ಲಿಗೆ ಎಲ್ಲರ ಕತೆ ಮುಗಿಯುತ್ತಿತ್ತು. ಅಲ್ಲಿಂದ ಮುಂದಿನದು ಇಬ್ಬರಿಗೆ ಮಾತ್ರ ಗೊತ್ತಿತ್ತು. ತಾನು ಅದನ್ನು ಯಾವತ್ತೂ ಬಾಯಿ ಬಿಡಬಾರದು, ಅವಳಿಗೂ ತನಗೆ ಕೇಳಿಸಿತೆಂದು ತಿಳಿಯಬಾರದು ಎಂದು ಗಡಗಡಣ್ಣ ಗಟ್ಟಿ ಮನಸ್ಸು ಮಾಡಿದ.

ಮನೆಗೆ ಬಂದವಳು ಸಮವಸ್ತ್ರದಲ್ಲೇ, ಬೂಟನ್ನೂ ಬಿಚ್ಚದೆ, ಮಂಚದ ಅಂಚಿಗೆ ಕೂತಳು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಇವನು ಟೀ ಮಾಡಿ ತಂದಿಟ್ಟ, ಅದು ಆರಿತು. ಇನ್ನೊಂದು ಮಾಡಿ ತಂದಿಟ್ಟ. ವ್ಯಾನು ತಡೆದದ್ದಕ್ಕೆ ಬೈಯಲಿ, ಬೇರೆ ಏಜೆನ್ಸಿಗೆ ಹೋಗುತ್ತೇನೆ ಎನ್ನಲಿ ಎಂದು ಕಾದ. ಅವಳು ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತ.

"ರೀ" ಎಂದಳು.

"ಹೂಂ."

"ನಾನು ಒತ್ತಿದೆ."

"ಏನನ್ನ?"

"ನಾಟಕ ಆಡ್ಬೇಡಿ. ನಿಮಗೆ ಕೇಳಿಸ್ತು. ನೀವು ಕುಸಿದು ಕೂತ ರೀತಿ ನೋಡೇ ಗೊತ್ತಾಯ್ತು ನನಗೆ. ಹೆಲ್ಮೆಟ್ ತೆಗೆಯೋಕೆ ಮುಂಚೆನೇ ಗೊತ್ತಾಯ್ತು, ಇದು ನೀವೇ ಅಂತ. ಆದ್ರೆ ಅಷ್ಟೊತ್ತಿಗೆ ಒತ್ತಿಯಾಗಿತ್ತು."

"ನನ್ನದೇ ತಪ್ಪು. ಓಡಿ ಬರಬಾರದಿತ್ತು" ಎಂದ.

"ಕಳ್ಳನೇ ಆಗಿದ್ರೆ ಸರಿ ಅಂತೀರಾ? ಅವನು ಇನ್ನೂ ಏನೂ ಮಾಡಿರ್ಲಿಲ್ಲ. ಕೈ ಎತ್ತಿದ್ದ. ಕೈ ಎತ್ತಿದವನ ಮೇಲೆ ಒತ್ತಿದೆ." ಅವಳ ದನಿ ನಡುಗುತ್ತಿತ್ತು. ಅಷ್ಟು ವರ್ಷದಲ್ಲಿ ಆ ದನಿ ನಡುಗಿದ್ದನ್ನು ಅವನು ಕೇಳಿರಲಿಲ್ಲ. "ಕರ್ತವ್ಯ ಅಂತ ಒತ್ತಲಿಲ್ಲ ಕಣ್ರೀ, ಹೆದರಿಕೊಂಡು ಒತ್ತಿದೆ. ನನಗೆ ಅಷ್ಟೊಂದು ಹೆದರಿಕೆ ಇದೆ ಅಂತ ನನಗೇ ಗೊತ್ತಿರ್ಲಿಲ್ಲ."

"ಒಳ್ಳೇದಾಯ್ತು ಬಿಡು, ನಾನು ಚೆನ್ನಾಗಿ ಒರೆಸಿದ್ದು" ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ.

"ಆ ಕರೀದು, ಅದು ಮುರಿಯಲ್ವಾ?"

"ಇಲ್ಲ. ಮುರಿಯಲ್ಲ."

"ಎಷ್ಟು ಒರೆಸಿದ್ರೂ?"

"ಎಷ್ಟು ಒರೆಸಿದ್ರೂ."

"ಬೆಳಿಗ್ಗೆ ಅದೇ ಇದ್ದಿದ್ರೆ?"

ಅವಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಲುಕುತ್ತ, ಸದ್ದಿಲ್ಲದೆ ಅತ್ತಳು. ಎಷ್ಟೋ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಅವನ ಕಡೆ ತಿರುಗಿದಳು.

"ನಿಜ ಹೇಳಿ. ನನ್ನ ಜೊತೆ ಒಂದೇ ಮನೇಲಿರೋಕೆ ಹೆದರಿಕೆ ಆಗಲ್ವಾ ನಿಮಗೆ?"

ಲೋಕದಲ್ಲಿ ಇರುವುದಕ್ಕೆಲ್ಲ ಹೆದರಿದವನು, ಆದರೆ ಆಗತಾನೇ ಆಡಿದ ಆ ಒಂದು ‘ಏನನ್ನ’ ಬಿಟ್ಟರೆ ಅವಳಿಗೆ ಒಂದು ಸಲವೂ ಸುಳ್ಳು ಹೇಳಿದವನಲ್ಲ.

"ಆಗತ್ತೆ" ಎಂದ.

ಸ್ಟೂಲಿನಿಂದ ಎದ್ದು ಬಂದ. ಅವಳ ಮುಂದೆ ನೆಲದ ಮೇಲೆ ಕೂತು, ನಡುಗುವ ಕೈಯಲ್ಲೇ, ಅವಳ ಬೂಟಿನ ಲೇಸು ಬಿಚ್ಚತೊಡಗಿದ.